ತೂಕ ನೋಡಿ ತಂದ ಗ್ರಾಫಿಕ್ಸ್ ಕಾರ್ಡು

ನನಗೆ ಕಾರು ಓಡಿಸಲು ಬರುವುದಿಲ್ಲ. ಆದರೂ ದಿನಾ ಸಂಜೆ ಅರ್ಧ ಗಂಟೆ ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುತ್ತೇನೆ. ಮರ, ಕಂಬ, ಪೊಲೀಸ್ ಜೀಪು ಯಾವುದನ್ನೂ ಗುದ್ದದೆ ಬಿಡುವುದಿಲ್ಲ. ಹೊಳೆನರಸೀಪುರದ ಕಚೇರಿಯೊಂದರಲ್ಲಿ ಇಡೀ ಸರ್ವೀಸು ಯಾರಿಗೂ ಎದುರಾಡದೆ ಕಳೆದವನಿಗೆ ಅಷ್ಟಾದರೂ ಬೇಡವೇ? ಆದ್ದರಿಂದ, ಕಂಪ್ಯೂಟರಿನಲ್ಲಿ ಚಿತ್ರ ತಡೆಯಿಲ್ಲದೆ ಓಡಿಸುವ ಗ್ರಾಫಿಕ್ಸ್ ಕಾರ್ಡು ಅಮ್ಮನ ವಿಡಿಯೊಗಾಗಿ ಎಂದು ಮನೆಯಲ್ಲಿ ನಾನು ಹೇಳಿದ್ದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಬಾಗೂರಿನ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಹೋದ ವರ್ಷ ತೀರಿಕೊಂಡಳು. ಅದಕ್ಕೂ ಮೊದಲು ನನ್ನ ಮಗಳ ಮದುವೆಯ ಊಟದ ಪಂಕ್ತಿಯಲ್ಲಿ ಯಾರೋ ಹೊಸ ಫೋನಿನಲ್ಲಿ ಹಿಡಿದ ವಿಡಿಯೊದಲ್ಲಿ ಅವಳು ಅಮ್ಮನ ಕಡೆ ತಿರುಗಿ ಏನೋ ಹೇಳುತ್ತಾಳೆ. ವಾಲಗದ ಅಬ್ಬರದಲ್ಲಿ ಒಂದು ಮಾತೂ ನಮಗೆ ಕೇಳಿಸದು. ಅಮ್ಮನಿಗೆ ಕಿವಿ ಮಂದ; ಎಷ್ಟೋ ವರ್ಷದಿಂದ ತುಟಿ ನೋಡಿಯೇ ಮಾತು ಹಿಡಿಯುತ್ತಾಳೆ. ಫೋನಿನ ಪುಟ್ಟ ಪರದೆಯಲ್ಲಿ ಅವಳಿಗೆ ತುಟಿ ಕಾಣದು. ದೊಡ್ಡ ಪರದೆಗೆ ಹಾಕಿದರೆ ನನ್ನ ಹಳೆಯ ಕಂಪ್ಯೂಟರು ತಿಣುಕಿ, ಸರಿಯಾಗಿ ಅಲ್ಲಿಗೇ ಬಂದು ನಿಲ್ಲುತ್ತಿತ್ತು, ದೊಡ್ಡಮ್ಮ ಬಾಯಿ ತೆರೆದದ್ದು ತೆರೆದಂತೆಯೇ.

“ನಮ್ಮಕ್ಕ ಏನಂದ್ಲು ಅಂತ ಗೊತ್ತಾಗ್ಬೇಕು ಕಣ್ಲಾ,” ಎಂದಳು ಅಮ್ಮ.

ನಮ್ಮದು ತೆಂಗಿನ ವ್ಯಾಪಾರದ ಮನೆ. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಅಂಗೈಯಲ್ಲಿ ತೂಗಿ ಆರಿಸುವುದು ರಕ್ತದಲ್ಲೇ ಬಂದ ವಿದ್ಯೆ. ಎತ್ತಿಗೆ ಸುಳಿ, ರಾಗಿಗೆ ಬಣ್ಣ, ಕಾಯಿಗೆ ತೂಕ, ಹೀಗೆ ಒಂದೊಂದಕ್ಕೂ ಹಿರಿಯರು ಒಂದೊಂದು ಪರೀಕ್ಷೆ ಇಟ್ಟಿದ್ದಾರೆ. ಗ್ರಾಫಿಕ್ಸ್ ಕಾರ್ಡಿಗೆ ಏನೂ ಇಟ್ಟಿಲ್ಲ. ಹಾಸನದ ಅಂಗಡಿಯಲ್ಲಿ ಎರಡು ಕಾರ್ಡುಗಳನ್ನು ಎರಡು ಕೈಯಲ್ಲಿ ತೂಗಿದೆ. ನನ್ನ ಬಜೆಟ್ಟಿಗೆ ದಕ್ಕುವ ಸೆಕೆಂಡ್‌ಹ್ಯಾಂಡಿನಲ್ಲಿ ಬಿಸಿ ಆರಿಸಲು ಮೂರು ಪುಟ್ಟ ಫ್ಯಾನಿದ್ದದ್ದು ಭಾರವಾಗಿತ್ತು, ಅದನ್ನೇ ಹಿಡಿದೆ. ಅಂಗಡಿಯವನು ಕ್ಯಾಬಿನೆಟ್ಟಿನ, ಅಂದರೆ ಕಂಪ್ಯೂಟರಿನ ಪೆಟ್ಟಿಗೆಯ, ಅಳತೆ ಕೇಳಿದ. ನನಗೆ ಗೊತ್ತಿರಲಿಲ್ಲ, ಆದ್ದರಿಂದ ಎಲ್ಲ ಗೊತ್ತಿದೆ ಎಂದೆ.

ಮನೆಗೆ ತಂದು ಕೂರಿಸಲು ಹೋದರೆ ಕಾರ್ಡು ಅರ್ಧ ಗೇಣು ಹೊರಗೇ ಉಳಿಯಿತು. ಅಮ್ಮ ಆಗಲೇ ಕನ್ನಡಕ ಒರೆಸಿಕೊಂಡು ಕುರ್ಚಿಯಲ್ಲಿ ಕೂತಿದ್ದಳು. ನನಗೆ ನಿಜವಾಗಿ ನಾಚಿಕೆಯಾಯಿತು.

ಮರುದಿನ ಮತ್ತೆ ಹಾಸನದ ಬಸ್ಸು ಹತ್ತಿದೆ. ಅಂಗಡಿಯವನು ನಗಲಿಲ್ಲ. “ತೆಂಗಿನ್‌ಕಾಯಿ ತೂಗ್ದಂಗೆ ತೂಗುದ್ರಿ ಸಾ. ಮನೇಲಿರೋ ಪೆಟ್ಟಿಗೆ ಅಳೀಬೇಕಿತ್ತು,” ಎಂದು ಒಂದೇ ಫ್ಯಾನಿನ, ಬೇರೆ ಕರೆಂಟು ವೈರೂ ಬೇಡದ, ಅಂಗೈಯಗಲದ ಕಾರ್ಡು ಕೊಟ್ಟ. ಫೋನಿನ ವಿಡಿಯೊ ಸಲೀಸಾಗಿ ಓಡುತ್ತದೆ, ಸಣ್ಣಪುಟ್ಟ ಆಟಕ್ಕೂ ಸಾಕು ಎಂದ. ಹಗುರವಾಗಿದ್ದುದರಿಂದ ದಾರಿಯುದ್ದಕ್ಕೂ ಅನುಮಾನವೇ.

ಆದರೆ ದೊಡ್ಡಮ್ಮ ಈ ಸಲ ನಿಲ್ಲಲಿಲ್ಲ. ಅಮ್ಮ ಮುಂದೆ ಬಾಗಿ ನೋಡಿದಳು, ಇನ್ನೊಮ್ಮೆ ಹಾಕಿಸಿದಳು, ಮತ್ತೊಮ್ಮೆ ಹಾಕಿಸಿದಳು. ಹರಸಿರಬೇಕು, ಇಲ್ಲವೇ ಮನಸ್ಸಿನಲ್ಲಿಟ್ಟುಕೊಂಡ ದೊಡ್ಡ ಮಾತೇ ಇರಬೇಕು ಎಂದು ನಾನು ಕಾದೆ.

“ಸೆರಗು ಎಲೆ ಮೇಲೆ ಬಿದ್ದದೆ, ಎತ್ಕೊಳೇ ಅಂತವ್ಳೆ,” ಎಂದಳು. ನಗುತ್ತಿದ್ದಳು, ಕಣ್ಣು ತುಂಬಿತ್ತು. “ಅವತ್ತು ನಾನು ತಿರುಗ್ ನೋಡ್ನೇ ಇಲ್ಲ.”

ಹೇಳಿ, ಕುರ್ಚಿಯಲ್ಲಿ ಕೂತಲ್ಲೇ ಸೆರಗನ್ನು ಎತ್ತಿ ಹೆಗಲ ಮೇಲೆ ಸರಿಯಾಗಿ ಹೊದ್ದುಕೊಂಡಳು.