ನೇರಳೆ ಬೆರಳಿನ ಪತ್ರಿಕೆ

ನಿನ್ನೆ ಸೊಸೆ ನೇರಳೆ ಹಣ್ಣು ತಿಂದು ಬೆರಳಿಗೆಲ್ಲ ಬಣ್ಣ ಮಾಡಿಕೊಂಡು ಬಂದಳು. ನನಗೆ ನಗು ತಡೆಯಲಾಗಲಿಲ್ಲ. "ಎಂಥ ಅತ್ತೆ?" ಎಂದಳು. ಇನ್ನು ಕಥೆ ಹೇಳದೆ ಗತಿಯಿಲ್ಲ. ನೀವೂ ಕೇಳಿ, ನನಗಂತೂ ಹೇಳುವ ಚಟ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಾಪೋಕ್ಲಿನಲ್ಲಿ ನಮಗೆ ಪಾಠ ಹೇಳುತ್ತಿದ್ದ ಪೂವಮ್ಮ ಟೀಚರಿಗೆ, ಪಠ್ಯಪುಸ್ತಕದಲ್ಲಿ ರಾಣಿಯರನ್ನು ಬಿಟ್ಟರೆ ಹೆಂಗಸರೇ ಇಲ್ಲವೆಂದು ಸಿಟ್ಟು. "ಇಲ್ಲದ ಪಾಠ ನಾವೇ ಬರೆಯುವಾ ಮಕ್ಕಳೇ, ಮನೆಮನೆಗೆ ಹೋಗಿ ಕೇಳಿ ಬನ್ನಿ" ಎಂದು ಪತ್ರಿಕೆ ಶುರುಮಾಡಿಯೇಬಿಟ್ಟರು.

ನಮ್ಮ ಮುದ್ರಣಾಲಯವೆಂದರೆ ಟೀಚರ ಮನೆಯ ಜಗಲಿ, ನಮ್ಮ ಮನೆಯ ಅಗಲ ತಟ್ಟೆ. ಗ್ಲಿಸರಿನ್ ಬೆರೆಸಿ ಕಾಯಿಸಿದ ಅಂಟು ತಟ್ಟೆಯಲ್ಲಿ ಗಟ್ಟಿಯಾದ ಮೇಲೆ, ನೇರಳೆ ಶಾಯಿಯಲ್ಲಿ ಬರೆದ ಹಾಳೆಯನ್ನು ಅದಕ್ಕೆ ಒತ್ತಿ ತೆಗೆಯಬೇಕು. ಆಮೇಲೆ ಖಾಲಿ ಹಾಳೆ ಒತ್ತಿದಷ್ಟೂ ಪ್ರತಿ! ಕೈ, ಮೂಗು, ಲಂಗ ಎಲ್ಲವೂ ನೇರಳೆ.

ಮೊದಲ ಸಂಚಿಕೆಗೆ ಒಂದೇ ಪ್ರಶ್ನೆ: ನಿನ್ನೆ ಕೊನೆಗೆ ಉಂಡವರಿಗೆ ಏನು ಉಳಿದಿತ್ತು? ಕಾಫಿ ಎಸ್ಟೇಟಿನ ಕೂಲಿ ಲೈನಿನ ಒಬ್ಬಾಕೆ, "ಪಾತ್ರೆ ಉಳಿದಿತ್ತು, ತೊಳೆದೆ" ಎಂದಳು. ನಮ್ಮ ಅವ್ವ, "ಇದ್ನ ಈವರೆಗೆ ಯಾರೂ ಕೇಳಿತ್ಲೆ" ಎಂದಳು. ಅದನ್ನೇ ಬರೆದೆ, ಹೆಸರು ಹಾಕದೆ.

ಮನೆಯೊಳಗಿನ ಮಾತು ಪತ್ರಿಕೆಗೆ ಹೋಗುತ್ತದೆಂದು ಅಪ್ಪನಿಗೆ ಸುಳಿವು ಸಿಕ್ಕಿತು. "ನೀ ಆ ಪತ್ರಿಕೆ ಮುಟ್ಟಿರೆ ಶಾಲೆ ಬಂದ್!" ನನಗೋ ಹೈಸ್ಕೂಲು ಮುಗಿಸಿ, ಟೀಚರ ಹಾಗೆ ಸೀರೆಗೆ ಪಿನ್ನು ಹಾಕಿಕೊಂಡು ಪಾಠ ಹೇಳುವ ಆಸೆ. ಅಚ್ಚು ಒತ್ತಿದ ಸಂಜೆ ತಟ್ಟೆಯನ್ನು ಅಂಟಿನ ಸಮೇತ ತಂದು ಉಗ್ರಾಣದಲ್ಲಿ ಅಡಗಿಸಿದೆ. ಅಡಗಿಸಲಾಗದ್ದು ಕೈ. ಊಟಕ್ಕೆ ಕೂತೆ, ಅಕ್ಕಿತರಿಯ ಬೆಳ್ಳನೆಯ ಉಂಡೆ ಕಡಂಬುಟ್ಟಿನ ಮೇಲೆ ನನ್ನ ನೇರಳೆ ಬೆರಳು! ಅಪ್ಪ ಬಾಯಿ ತೆರೆಯುವುದಕ್ಕೂ, ಅವನ ತಟ್ಟೆಗೆ ಕಡಂಬುಟ್ಟು ಇಡಲು ಅವ್ವನ ಕೈ ಬರುವುದಕ್ಕೂ ಸರಿಹೋಯಿತು. ಆ ಕೈಯೂ ನೇರಳೆ.

"ನಿನ್ನ ಕೈಗೆ ಎಂಥ ಆತ್?"

"ಪತ್ರಿಕೆ ಮುಟ್ಟಿದೆ. ನನ್ನನೂ ಶಾಲೆ ಬಿಡ್ಸಿ!" ಎಂದಳು, ಶಾಲೆಯ ಮೆಟ್ಟಿಲನ್ನೇ ಹತ್ತದ ನನ್ನ ಅವ್ವ.

ಅಪ್ಪನಿಗೆ ನಗು ಬಂದು ಬಾಯಲ್ಲಿದ್ದ ತುತ್ತು ನೆತ್ತಿಗೇರಿತು. ಮರುದಿನ ನಾನು ಶಾಲೆಗೆ ಹೊರಟಾಗ ಬೇಡವೆನ್ನಲಿಲ್ಲ.

ಕಥೆ ಕೇಳಿದ ಸೊಸೆ ಮಾತ್ರ ನಗಲಿಲ್ಲ. "ಅತ್ತೆ, ಅಚ್ಚು ಒತ್ತಿದ್ದ್ ಟೀಚರ ಮನೆಲಿ ಅಲ್ಲಾ? ಮತ್ತೆ ನಿಮ್ಮ ಅವ್ವನ ಕೈಗೆ ಬಣ್ಣ ಹೆಂಗಾತ್?"

ಇಷ್ಟು ವರ್ಷ ಊರಿಗೆಲ್ಲ ಹೇಳಿಕೊಂಡು ಬಂದ ಕಥೆ. ನನಗಿದು ಹೊಳೆದೇ ಇರಲಿಲ್ಲ. ಬಡಿಸುವ ಮೊದಲು ಅವ್ವ ಉಗ್ರಾಣಕ್ಕೆ ಹೋಗಿ, ಬೇಕೆಂದೇ ಐದೂ ಬೆರಳನ್ನು ಆ ಅಂಟಿಗೆ ಒತ್ತಿಕೊಂಡು ಬಂದಿದ್ದಳು.