ನಮ್ಮತ್ತೆಯ ಪಾಲಿನ ಬಿಸಿಲು

ನಮ್ಮತ್ತೆ ಭೈರಮ್ಮನವರಿಗೆ ಇರುವುದು ನೊಣವಿನಕೆರೆ ದಾರಿಯಲ್ಲಿ ಅರ್ಧ ಎಕರೆ ಹೊಲ. ವರ್ಷಕ್ಕೊಂದು ರಾಗಿ ಬೆಳೆ, ಮನೆಗೆ ಮುದ್ದೆ. ಅವರ ಬಾಳೆಲ್ಲ ಆ ಹೊಲವೇ. ಅಂಗಡಿಯ ರಾಗಿ ಹಿಟ್ಟನ್ನು ಮೂಸಿ ನೋಡಿ ಪಕ್ಕಕ್ಕೆ ತಳ್ಳುವ ಹೆಂಗಸು. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಕಳೆ ಕೀಳುವುದನ್ನು ಕಲಿಸಿದ್ದೂ ಅಲ್ಲೇ. ಬೈದು ಬೈದು ಕಲಿಸಿದರು.

ಆ ಹೊಲದ ಮೂಡಲ ಬದುವಿಗೆ ಅಂಟಿಕೊಂಡಂತೆ ಪಕ್ಕದ ಜಮೀನಿನ ಕಾಡಸಿದ್ದಪ್ಪ ತೆಂಗಿನ ಸಾಲು ನೆಟ್ಟ. ಒಂದಡಿ ಜಾಗವನ್ನೂ ಬಿಡಲಿಲ್ಲ. ಈಗ ಮರಗಳು ಬೆಳೆದು ನಿಂತು, ನಮ್ಮ ಹೊಲಕ್ಕೆ ಸರಿಯಾಗಿ ಬಿಸಿಲು ಬೀಳುವುದು ಮಧ್ಯಾಹ್ನದ ಹೊತ್ತಿಗೆ. ಬದುವಿನ ಪಕ್ಕದ ಪೈರು ಬಿಳಿಚಿಕೊಂಡು, ತೆನೆ ಕಟ್ಟದೆ ನಿಲ್ಲುತ್ತದೆ. ನಮ್ಮತ್ತೆ ಕೇಳಿಕೊಂಡಾಗಲೆಲ್ಲ ಆತನದು ಒಂದೇ ಮಾತು: "ಮರ ಇರೋದು ನನ್ ಜಮೀನಲ್ಲಿ ಕಣಮ್ಮ. ನೆರಳು ತಾನೆ ಬೀಳೋದು, ಅದಕ್ಯಾಕೆ ಬಡ್ಕೋತೀಯಾ?" ಆ ಮಾತು ನೆನೆದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ.

ಇಂಥ ಮನುಷ್ಯ ಮೊನ್ನೆ ಹಾಲಿನ ಡೈರಿ ಮುಂದೆ ನಿಂತು ಕೂಗಾಡುತ್ತಿದ್ದ. ಭೂಮಿ ಕಾದುಹೋಗುತ್ತಿದೆ, ಅದನ್ನು ತಂಪು ಮಾಡಲು ಬಾಹ್ಯಾಕಾಶದಲ್ಲಿ ದೈತ್ಯ ಕನ್ನಡಿ ನಿಲ್ಲಿಸಿ ಒಂದಿಷ್ಟು ಬಿಸಿಲನ್ನು ತಡೆಯಬಹುದು ಎಂದು ಯಾರೋ ವಿಜ್ಞಾನಿಗಳು ಯೋಚಿಸುತ್ತಿರುವುದನ್ನು ಟಿವಿಯಲ್ಲಿ ನೋಡಿ ಬಂದಿದ್ದ.

"ಬಿಸ್ಲು ಅವರಪ್ಪಂದಾ? ನಮ್ಮನ್ನ ಒಂದ್ ಮಾತು ಕೇಳಿದ್ರಾ? ಅಂಗಳದಲ್ಲಿ ಹರವಿರೋ ಕೊಬ್ರಿ ಹೆಂಗ್ ಒಣಗ್ಬೇಕು? ಇದನ್ನ ತಡೀಲೇಬೇಕು ಅನ್ನೋರು ಕೈ ಎತ್ರಪ್ಪ!"

ಹಾಲು ತಂದವರೆಲ್ಲ ಕೈ ಎತ್ತಿದರು. ನಾನೂ ಎತ್ತಿದೆ. ಹೇಳದೆ ಕೇಳದೆ ಲೋಕದ ಬಿಸಿಲಿಗೇ ಕೈ ಹಾಕುವವರ ಮೇಲೆ ನನಗೂ ಸಿಟ್ಟು ಬಂದಿತ್ತು. ನಮ್ಮತ್ತೆ ಮಾತ್ರ ಎತ್ತಲಿಲ್ಲ.

"ಯಾಕೆ ಭೈರಮ್ಮ?" ಎಂದ ಕಾಡಸಿದ್ದಪ್ಪ.

"ಆ ಕನ್ನಡಿ ನಿಮ್ ಜಮೀನಲ್ಲಿ ನಿಲ್ಲಲ್ವಲ್ಲಣ್ಣ. ನೆರಳು ತಾನೆ ಬೀಳೋದು, ಅದಕ್ಯಾಕೆ ಬಡ್ಕೋತೀರಾ?"

ಯಾರೋ ಕಿಸಕ್ಕನೆ ನಕ್ಕರು. ಆತನ ಮುಖ ಕೆಂಪಗಾಯಿತು. "ಅದೂ ಇದೂ ಒಂದೇನಾ? ಬುಡಮ್ಮ, ನಿಂಗೇನ್ ಗೊತ್ತಾಗುತ್ತೆ" ಎಂದು ಬೈಕು ಹತ್ತಿ ಹೋದ.

ನಾಚಿಕೆಯಾಗಿರಬಹುದು ಎಂದುಕೊಂಡೆ. ಎಲ್ಲಿಯ ನಾಚಿಕೆ! ಬದುವಿನ ಸಾಲಿನಲ್ಲಿ ಒಂದು ಮರ ಸತ್ತು ಖಾಲಿ ಬಿದ್ದಿದ್ದ ಜಾಗಕ್ಕೆ ಮರುದಿನವೇ ಹೊಸ ಸಸಿ ನೆಡಿಸಿದ. ನಮ್ಮ ಹೊಲಕ್ಕೆ ಬೆಳಗಿನ ಬಿಸಿಲು ಬರುತ್ತಿದ್ದುದು ಆ ಒಂದು ಸಂದಿಯಿಂದ ಮಾತ್ರ.

ನಮ್ಮತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಸಿಯನ್ನು ಬೇರು, ಮಣ್ಣು ಸಮೇತ ಕಿತ್ತು, ಕಂಕುಳಲ್ಲಿ ಇರುಕಿಕೊಂಡು ಊರೊಳಗೆ ನಡೆದರು. ನಾನು ಹಿಂದೆಯೇ ಓಡಿದೆ. ಕಾಡಸಿದ್ದಪ್ಪನ ಅಂಗಳದ ತುಂಬ ಕೊಬ್ಬರಿ ಬಿಸಿಲಿಗೆ ಹರಡಿತ್ತು. ಅದರ ನಟ್ಟನಡುವೆ ಸಸಿ ಇಟ್ಟು, ಜಗುಲಿಯಲ್ಲಿ ಕೂತಿದ್ದವನಿಗೆ ಹೇಳಿದರು:

"ಇಲ್ಲೇ ನೆಟ್ಕಳಿ ಸಿದ್ದಣ್ಣ. ನೆರಳು ತಾನೆ."