ಪಂಚೆಯೊಳಗಿನ ಗಾಯ

ಪ್ರಾಸ್ಟೇಟ್ ಕ್ಯಾನ್ಸರಿನ ಆಪರೇಷನ್ ಎರಡು ಬಗೆ ಎಂದು ಸಾಲಿಗ್ರಾಮ ಕಡೆಯ ಅರ್ಚಕರೊಬ್ಬರಿಗೆ ಚಿತ್ರ ಬಿಡಿಸಿ ವಿವರಿಸುತ್ತಿದ್ದೆ. ಹೊಟ್ಟೆ ಕೊಯ್ದು ಮಾಡಿದರೆ ಹೊಕ್ಕುಳ ಕೆಳಗೆ ಉದ್ದದ ಗಾಯ. ರೋಬೋಟಿನಲ್ಲಾದರೆ ಹೊಕ್ಕುಳ ಆಚೀಚೆ ಸಣ್ಣ ತೂತುಗಳು, ರಕ್ತ ಹೋಗುವುದೂ ಕಡಿಮೆ. ರೋಗ ತೆಗೆಯುವುದರಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ರೋಬೋಟಿನ ಕಲೆ ಚಿಕ್ಕದು ಎಂದು ಹೆಮ್ಮೆಯಿಂದ ಸೇರಿಸಿದೆ.

ಅವರು ಚಿತ್ರದಲ್ಲಿನ ತೂತುಗಳ ಮೇಲೆ ಬೆರಳಿಟ್ಟರು.

"ಹ್ವಾಯ್ ಡಾಕ್ಟ್ರೆ, ದೇವಸ್ಥಾನದಗೆ ನಾವ್ ಅಂಗಿ ಹಾಕುಕಿಲ್ಲೆ. ಆ ತೂತ್ ಊರಿಗೇ ಕಾಣತ್ತ್. ಎಂತ ಆಪರೇಷನ್ ಅಂದೇಳಿ ಕೇಂಡ್ರೆ ಎಂತ ಹೇಳುದ್? ಉದ್ದ ಗಾಯ ಆದ್ರೆ ಪಂಚೆ ಒಳ್ಗೇ ಇರತ್ತಲ್ದಾ?"

ಕೊಯ್ದೇ ಮಾಡಿದೆವು, ಗುಣವಾದರು.

ಆಮೇಲೊಮ್ಮೆ ಅವರ ದೇವಸ್ಥಾನಕ್ಕೆ ಹೋಗಿದ್ದೆ. ತೀರ್ಥ ಕೊಡುತ್ತಾ, ಪಕ್ಕದಲ್ಲಿ ನಿಂತವರಿಗೆ ಗೌರವದಿಂದಲೇ ಪರಿಚಯಿಸಿದರು: "ಇವ್ರ್ ನಮ್ಮ್ ಕಣ್ಣಿನ್ ಡಾಕ್ಟ್ರ್."